ದೈವಕ್ಕೆ ಬಿಲ್ ಇಲ್ಲ

ಮನೀಷ್ ರೈಗೆ ಇನ್ಶೂರೆನ್ಸ್ ಇರಲಿಲ್ಲ.

ಜೀವಕ್ಕೆ ಇತ್ತು, ಏಕೆಂದರೆ ಮಾವ ಏಜೆಂಟ್. ಪಿಕಪ್ಪಿಗೆ ಇತ್ತು, ಏಕೆಂದರೆ ಪೊಲೀಸರು ಕೇಳುತ್ತಾರೆ. ಮನೆಯ ನಾಯಿಗೂ ಚುಚ್ಚುಮದ್ದಿನ ಒಂದು ಕಾರ್ಡ್ ಇತ್ತು. ಅನ್ನ ಹಾಕುತ್ತಿದ್ದ ಎಲೆಕ್ಟ್ರಿಕಲ್ ಕಾಂಟ್ರಾಕ್ಟಿಗೆ ಮಾತ್ರ ಏನೂ ಇರಲಿಲ್ಲ. ಬಂಟ್ವಾಳದಲ್ಲಿ ಅದನ್ನು ಯಾರೂ ಕೇಳಿರಲೂ ಇಲ್ಲ. ಗಿರಾಕಿಗಳು ಕೇಳುತ್ತಿದ್ದುದು ಎರಡೇ: ಯಾವಾಗ ಬರ್ತೀರಿ, ಯಾಕೆ ಬರಲಿಲ್ಲ.

ಮೊದಲು ಕೇಳಿದವರು ಪುತ್ತಿಗೆಯ ಜಯವರ್ಮ. ಅವರು ಮೂಡುಬಿದಿರೆ ಪೇಟೆಯ ಹೊರಗೆ ಮದುವೆ ಹಾಲ್ ಕಟ್ಟಿಸುತ್ತಿದ್ದರು. ಏಸಿ, ಲಿಫ್ಟ್, ಮದುಮಗಳು ಮೇಲಿನಿಂದ ಇಳಿದು ಬರಲು ಕರೆಂಟಿನ ಒಂದು ತೊಟ್ಟಿಲು. ಇಡೀ ಹಾಲಿನ ವಯರಿಂಗ್ ಮನೀಷನಿಗೇ ಎಂದು ಬಾಯಿಮಾತಿನಲ್ಲಿ ಆಗಿತ್ತು. ಅಷ್ಟು ದೊಡ್ಡ ಕೆಲಸ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಇದು ಸಿಕ್ಕರೆ ಮನೆ ವಯರಿಂಗಿನವನು ಎಂಬ ಹೆಸರು ಹೋಗಿ ಹಾಲ್ ಮಾಡಿದವನು ಎಂಬ ಹೆಸರು ಬರುತ್ತದೆ, ಆಮೇಲೆ ಕಾಲೇಜು, ಆಸ್ಪತ್ರೆ, ಹೋಟೆಲು ಎಂದು ಅವನು ಹೆಂಡತಿಯ ಹತ್ತಿರ ಆಗಲೇ ಹೇಳಿಯಾಗಿತ್ತು. ಹೆಂಡತಿ ತವರಿನಲ್ಲಿ ಹೇಳಿಯಾಗಿತ್ತು.

"ಇನ್ಶೂರೆನ್ಸ್ ಉಂಟಾ ನಿಮಗೆ?" ಎಂದು ಜಯವರ್ಮ ಕೇಳಿದರು.

"ಉಂಟಣ್ಣ. ಮಾವ ಮಾಡಿಸಿದ್ದು."

"ಅದು ನೀವು ಸತ್ತರೆ ಬರುವುದು ಮಾರಾಯ್ರೆ. ನಿಮ್ಮಿಂದ ನಾನು ಸತ್ತರೆ ಬರುವಂಥದ್ದು ಉಂಟಾ?"

ಹಾಲಿನ ಪ್ಲಂಬರ್ ಒಂದು ವಾಲ್ವ್ ತೆರೆದಿಟ್ಟು ಚಾ ಕುಡಿಯಲು ಹೋಗಿ ಹೊಸ ಮರದ ನೆಲವನ್ನೆಲ್ಲ ಮುಳುಗಿಸಿದ್ದ. ಅಂದಿನಿಂದ ಜಯವರ್ಮರಿಗೆ ಬುದ್ಧಿ ಬಂದಿತ್ತು. "ಪಾಲಿಸಿ ತಂದು ತೋರಿಸಿ. ಮತ್ತೆ ಎಗ್ರಿಮೆಂಟ್ ಮಾಡುವ" ಎಂದರು. ಮನೀಷ್ ಚಪ್ಪಲಿ ಹಾಕಿಕೊಳ್ಳುವಾಗ ಇನ್ನೊಂದು ಮಾತು ಸೇರಿಸಿದರು. "ಹಾಂ, ಬರುವ ತಿಂಗಳು ನಮ್ಮ ಮನೆಯ ದೈವಕ್ಕೆ ನೇಮ ಉಂಟು, ರಾತ್ರಿಯಿಡೀ ಕೋಲ. ಲೈಟಿಂಗ್ ನಿಮ್ಮದೊಂದು ಸೇವೆ ಆಗಲಿ."

ಅದು ಪ್ರಶ್ನೆ ಆಗಿರಲಿಲ್ಲ. ಮನೀಷನೂ ಅದನ್ನು ಪ್ರಶ್ನೆ ಎಂದುಕೊಳ್ಳಲಿಲ್ಲ. "ಅದು ನೀವು ಹೇಳ್ಬೇಕಾ ಅಣ್ಣ" ಎಂದ.

ತೃಷಾ ಬೆಳ್ತಂಗಡಿಯವಳು, ವಿಮೆ ಮಾರುವವಳು. ಬಿ.ಸಿ. ರೋಡಿನಲ್ಲಿದ್ದ ಮನೀಷನ ಅಂಗಡಿಗೆ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ಟನ್ನು ಸ್ವಿಚ್ ಬೋರ್ಡುಗಳ ರಾಶಿಯ ಮೇಲೆ ಇಟ್ಟು ಕೂತಳು. ಸೆಕೆ, ಮೀನಿನ ರೇಟು, ಯಾರದೋ ಮುರಿದ ನಿಶ್ಚಿತಾರ್ಥ ಎಲ್ಲ ತುಳುವಿನಲ್ಲಿ ಆಯಿತು. ಪಾಲಿಸಿಯ ಮಾತು ಬಂದ ಕೂಡಲೇ ಅವಳು ಕನ್ನಡಕ್ಕೆ ಬಂದಳು. ಈ ಕಡೆ ಪ್ರೀತಿ, ಜಗಳ ಎರಡೂ ತುಳುವಿನಲ್ಲಿ. ಸಹಿ ಹಾಕುವ ವಿಷಯವಾದರೆ ಕನ್ನಡ. ಕನ್ನಡ ಶುರುವಾದರೆ ಜನ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಮನೀಷನೂ ಕೂತ.

"ನೋಡಿ ಮನೀಷಣ್ಣ, ನಿಮ್ಮ ಕೆಲಸದಿಂದ ಗಿರಾಕಿಗೆ, ಸಾರ್ವಜನಿಕರಿಗೆ, ಅವರ ಸೊತ್ತಿಗೆ ಏನಾದರೂ ಆದರೆ ಅದು ಒಂದು ಪಾಲಿಸಿ. ನಿಮ್ಮ ಕೆಲಸದವರಿಗೆ ಏನಾದರೂ ಆದರೆ ಅದು ಬೇರೆ. ನಿಮ್ಮ ಮೆಷಿನ್ ಕಳವಾದರೆ ಅದು ಮತ್ತೊಂದು."

"ಎಲ್ಲ ಸೇರಿ ಒಂದು ಇಲ್ಲವಾ? ಹೋಟೆಲಿನ ಊಟದ ಹಾಗೆ?"

"ಉಂಟು. ಅದರಲ್ಲಿ ನಿಮಗೆ ಬೇಡದ ಪಲ್ಯವೇ ಹೆಚ್ಚು."

ಮೂಲೆಯಲ್ಲಿ ವಯರ್ ಸುತ್ತುತ್ತಿದ್ದ ಅಬ್ದುಲ್ ಶುಕೂರ್ ತಲೆ ಎತ್ತಿದ. ಕಕ್ಕಿಂಜೆಯವನು, ಶುರುವಿನಿಂದ ಮನೀಷನ ಜೊತೆಗಿರುವ ವಯರ್‌ಮ್ಯಾನ್. "ನಾನು ಏಣಿಯಿಂದ ಬಿದ್ದರೆ ಯಾವುದು?"

"ಎರಡನೆಯದ್ದು."

"ಗಿರಾಕಿಯ ಮೇಲೆಯೇ ಬಿದ್ದರೆ?"

"ಅವರಿಗೆ ಒಂದನೆಯದ್ದು, ನಿಮಗೆ ಎರಡನೆಯದ್ದು."

"ಇವರು ಒಂದನೆಯದ್ದು ಮಾತ್ರ ತೆಗೊಂಡ್ರೆ?"

"ನಿಮಗೆ ಏನೂ ಇಲ್ಲ."

"ಹಾಗಾದರೆ ನಾನು ಬೀಳುವ ಮೊದಲು ರಾಜೀನಾಮೆ ಕೊಡ್ಬೇಕು. ಆಗ ನಾನೂ ಸಾರ್ವಜನಿಕ ಆಗ್ತೇನಲ್ಲ."

ಮನೀಷ್ ಎರಡನ್ನೂ ತೆಗೆದುಕೊಂಡ. ಶುಕೂರ್ ಎದುರಿಗೇ ಕೂತಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಮೆಷಿನ್ನಿನದ್ದು ಬೇಡ ಎಂದ. "ನನ್ನ ಡ್ರಿಲ್ಲಿಂಗ್ ಮೆಷಿನ್ ಕದ್ದವನಿಗೆ ಆ ಮೆಷಿನ್ನೇ ಶಿಕ್ಷೆ."

ತೃಷಾ ಕೊನೆಯ ಪ್ರಶ್ನೆ ಕೇಳಿದಳು. "ಹಂಗಾಮಿ ಲೈಟಿಂಗ್ ಮಾಡ್ತೀರಾ? ನೇಮ, ಉರೂಸ್, ಶಾಮಿಯಾನದ ಕೆಲಸ?"

"ಅದು ಬಿಸಿನೆಸ್ ಅಲ್ಲ."

"ಮತ್ತೆ ಎಂತ?"

"ಸೇವೆ."

"ಬಿಲ್ ಇಲ್ಲವಾ?"

"ದೈವಕ್ಕೆ ಬಿಲ್ ಕೊಡ್ಲಿಕ್ಕೆ ಆಗ್ತದಾ? ಜಿಎಸ್‌ಟಿ ನಂಬರ್ ಯಾರ ಹತ್ರ ಕೇಳುವುದು?"

"ಬಿಲ್ ಇಲ್ಲದಿದ್ದರೂ ಕರೆಂಟ್ ಕರೆಂಟೇ ಅಲ್ವಾ ಅಣ್ಣ? ಅದನ್ನೂ ಸೇರಿಸುವ. ಪ್ರೀಮಿಯಂ ಸ್ವಲ್ಪ ಹೆಚ್ಚಾಗ್ತದೆ, ಅಷ್ಟೆ. ಸೇರಿಸದಿದ್ದರೆ ಅದಕ್ಕೆ ಕವರ್ ಇಲ್ಲ. ಮತ್ತೆ ನನಗೆ ಬೈಬೇಡಿ."

ಮನೀಷನಿಗೆ ನಿಜಕ್ಕೂ ಸಿಟ್ಟು ಬಂತು. "ದೈವದ ಅಂಗಳಕ್ಕೆ ದೀಪ ಹಾಕ್ಲಿಕ್ಕೆ ಇನ್ಶೂರೆನ್ಸ್ ಮಾಡಿಸಿಕೊಂಡು ಹೋಗುವುದಾ? ಏನು, ನನ್ನ ಮೇಲೆ ನಂಬಿಕೆ ಇಲ್ಲವಾ ಅಂತ ದೈವ ಕೇಳಿದರೆ ಎಂತ ಹೇಳುವುದು? ತೃಷಾ ಹೇಳಿದ್ಲು ಅಂತಲಾ?"

"ಹೇಳಿ. ನನ್ನ ನಂಬರೂ ಕೊಡಿ."

ಮನೀಷ್ ಗಾಳಿಗೆ ಕೈ ಮುಗಿದು ತಪ್ಪಾಯ್ತು ಎಂದ. ಶುಕೂರನ ಕಡೆ ತಿರುಗಿ "ನೀನು ಮಸೀದಿಗೆ ಲೈಟ್ ಹಾಕುವುದಿಲ್ಲವಾ? ಇನ್ಶೂರೆನ್ಸ್ ಮಾಡಿಸ್ತೀಯಾ?" ಎಂದು ಕೇಳಿದ.

"ನಾನು ಸಾರ್ವಜನಿಕ" ಎಂದ ಶುಕೂರ್.

ಹಂಗಾಮಿ ಕೆಲಸ ಇಲ್ಲ ಎಂದು ಬರೆಸಿ ಮನೀಷ್ ಸಹಿ ಹಾಕಿದ. ಪಾಲಿಸಿ ಬಂತು. ಜಯವರ್ಮ ಅದರ ಮುಖಪುಟವನ್ನಷ್ಟೇ ನೋಡಿ, "ಒಳ್ಳೆಯದಾಯ್ತು. ನೇಮ ಮುಗಿಯಲಿ, ಎಗ್ರಿಮೆಂಟ್ ಮಾಡುವ" ಎಂದರು.

ಸೇವೆ ಎಂದರೆ ಏನು ಎಂಬುದು ಮನೀಷನಿಗೆ ಚೆನ್ನಾಗಿ ಗೊತ್ತಿತ್ತು. ಮೈಕಿನಲ್ಲಿ ಹೆಸರು ಹೇಳುತ್ತಾರೆ. ಫ್ಲೆಕ್ಸಿನಲ್ಲಿ ಫೋಟೊ ಹಾಕುತ್ತಾರೆ. ಊಟಕ್ಕೆ ಬಂದವರಲ್ಲಿ ನಾಲ್ಕು ಜನ ಮನೆ ಕಟ್ಟಿಸುವವರು ಇದ್ದೇ ಇರುತ್ತಾರೆ. ಕೈ ಮುಗಿದುಕೊಂಡು ಕೊಡಬಹುದಾದ ಜಾಹೀರಾತು ಅದೊಂದೇ. ಆದರೆ ಸೇವೆಗೆ ಹೊಸ ಸಾಮಾನು ಹೋಗುತ್ತಿರಲಿಲ್ಲ. ಬೇರೆ ಕೆಲಸಗಳಲ್ಲಿ ಉಳಿದ ತುಂಡು ವಯರು, ಮೂಲೆ ಒಡೆದ ಹೋಲ್ಡರು, ಬಣ್ಣ ಹೋದ ಮಾಲೆ ಬಲ್ಬುಗಳು ಒಂದು ಗೋಣಿಯಲ್ಲಿ ಇದ್ದವು. ಆ ಗೋಣಿಯ ಮೇಲೆ ಶುಕೂರ್ ಮಾರ್ಕರಿನಲ್ಲಿ "ಸೇವೆ" ಎಂದೇ ಬರೆದಿದ್ದ.

ನೇಮದ ದಿನ ಮಧ್ಯಾಹ್ನ ಇಬ್ಬರೂ ಪುತ್ತಿಗೆಯಲ್ಲಿದ್ದರು. ಜಯವರ್ಮರ ಮನೆಗೆ ಪಂಪಿಗಾಗಿ ತ್ರೀ ಫೇಸ್ ಇತ್ತು. ಅಂಗಳದ ದೀಪಗಳಿಗೆ ಕರೆಂಟನ್ನು ಮನೆಯ ಮೈನ್ ಬೋರ್ಡಿನಿಂದಲೇ ತೆಗೆದರು. ಬೋರ್ಡಿನಲ್ಲಿ ಜಾಗ ಸಾಲಲಿಲ್ಲ. ಶುಕೂರ್ ಮನೆಗೆ ಬರುವ ಮುಖ್ಯ ನ್ಯೂಟ್ರಲ್ ವಯರನ್ನು ಬಿಚ್ಚಿ, ಮನೆಯ ಮತ್ತು ಅಂಗಳದ ನ್ಯೂಟ್ರಲ್ ಎರಡನ್ನೂ ಅದಕ್ಕೇ ಸೇರಿಸಿದ. ಇಂಥ ಜೋಡಣೆಗೆ ತಾಮ್ರದ ಲಗ್ ಹಾಕಿ ಒತ್ತಿ ಬಿಗಿಮಾಡಬೇಕು.

"ಲಗ್ ತಂದಿದ್ದೀಯಾ?" ಮನೀಷ್ ಕೇಳಿದ.

"ಹಾಲಿನ ಕೆಲಸಕ್ಕೆ ಅಂತ ಇಟ್ಟದ್ದು ಉಂಟು. ಪಿಕಪ್ಪಿನಲ್ಲಿ."

"ಅದು ಇರಲಿ. ನಾಳೆ ಬಿಚ್ಚುವುದಲ್ಲವಾ? ತಿರುಚಿ ಟೇಪ್ ಹಾಕು."

ಶುಕೂರ್ ತಿರುಚಿ ಟೇಪ್ ಹಾಕಿದ. ಮೈನ್ ಸ್ವಿಚ್ ಹಾಕಿದರು. ಅಂಗಳದಲ್ಲಿ ಹಗಲಲ್ಲೇ ದೀಪ ಹೊತ್ತಿತು, ಜನ ತಲೆಯಾಡಿಸಿದರು. ಮನೀಷ್ ಫ್ಲೆಕ್ಸಿನಲ್ಲಿ ತನ್ನ ಫೋಟೊ ಎಷ್ಟು ದೊಡ್ಡದಿದೆ ಎಂದು ನೋಡಲು ಹೋದ.

ಅಡಿಗೆಯವರು ದೊಡ್ಡ ಗ್ರೈಂಡರ್ ಚಾಲೂ ಮಾಡಿದರು. ಆ ಭಾರಕ್ಕೆ ತಿರುಚಿದ ಗಂಟು ಬಿಸಿಯಾಗಿ ಟೇಪಿನ ಒಳಗೇ ಬಿಟ್ಟುಕೊಂಡಿತು. ಮೂರು ಫೇಸಿನ ಕರೆಂಟಿಗೂ ವಾಪಸ್ ಹೋಗುವ ದಾರಿ ಆ ನ್ಯೂಟ್ರಲ್ ಒಂದೇ. ಆ ದಾರಿ ಕಡಿದುಹೋದರೆ ಮನೆಯ ಒಂದು ಕಡೆ ವೋಲ್ಟೇಜ್ ಬೀಳುತ್ತದೆ, ಇನ್ನೊಂದು ಕಡೆ ಹುಚ್ಚು ಹಿಡಿದ ಹಾಗೆ ಏರುತ್ತದೆ.

ಏರಿದ ಕಡೆ ದೈವದ ಗುಡಿ ಇತ್ತು. ಗುಡಿಯ ಮುಂದಿನ ಹಳೆಯ ಬಲ್ಬುಗಳೆಲ್ಲ ಒಮ್ಮೆಲೇ ಬೆಳ್ಳಗೆ ಉರಿದವು. ಅಂಗಳದ ಆ ಕಡೆಯವು ಮಂಕಾದವು.

ಚಾವಡಿಯಲ್ಲಿ ಕೂತಿದ್ದ ಜಯವರ್ಮರ ತಾಯಿ ಕಮಲಾವತಿ ಎದ್ದು ನಿಂತರು. "ಕಾರ್ಣಿಕ!" ಎಂದರು.

ದೈವ ತನ್ನ ಶಕ್ತಿ ತೋರಿಸಿತು ಎಂದು ಅರ್ಥ. ಅಂಗಳದಲ್ಲಿದ್ದವರೆಲ್ಲ ಕೈ ಮುಗಿದರು. ಜಯವರ್ಮರೂ ಮುಗಿದರು. ಮನೀಷನ ಕೈಯೂ ಅಭ್ಯಾಸಬಲದಿಂದ ಅರ್ಧ ಮೇಲೆ ಹೋಯಿತು, ಆಮೇಲೆ ಅಲ್ಲೇ ನಿಂತಿತು. ಚಾವಡಿಯ ಫ್ಯಾನು ವಿಮಾನ ಏಳುವ ಹಾಗೆ ತಿರುಗುತ್ತಿತ್ತು.

"ಮನೀಷಣ್ಣ," ಶುಕೂರ್ ಓಡುತ್ತಾ ಕೂಗಿದ, "ಕಾರ್ಣಿಕ ಅಲ್ಲ, ನ್ಯೂಟ್ರಲ್!"

ಅವನು ಮೈನ್ ಸ್ವಿಚ್ ಇಳಿಸುವ ಮೊದಲು ಒಳಗೆ ಟಿವಿ ಪಟ್ ಎಂದಿತು. ಆಮೇಲೆ ಉಳಿದವೂ ಒಂದೊಂದಾಗಿ ಪಟ್ ಎಂದವು. ಫ್ರಿಜ್ಜಿನ ಹಿಂದಿನಿಂದ ಹೊಗೆ ಬಂತು. ಕಮಲಾವತಿ ಇನ್ನೂ ಕೈ ಮುಗಿದುಕೊಂಡೇ ಇದ್ದರು.

ಬಾಡಿಗೆಯ ಜನರೇಟರ್ ತರಿಸಿದರು, ನೇಮ ನಡೆಯಿತು. ಮೈಕಿನವನಿಗೆ ಏನೂ ಗೊತ್ತಿರಲಿಲ್ಲ. "ವಿದ್ಯುತ್ ದೀಪಾಲಂಕಾರ ಸೇವೆ, ಮನೀಷ್ ರೈ, ಬಿ.ಸಿ. ರೋಡ್" ಎಂದು ಮತ್ತೆ ಮತ್ತೆ ಹೇಳಿದ.

ಮರುದಿನ ಜಯವರ್ಮರೇ ಫೋನ್ ಮಾಡಿದರು. "ತಲೆಬಿಸಿ ಬೇಡ ಮಾರಾಯ್ರೆ. ಪಾಲಿಸಿ ಉಂಟಲ್ಲ, ಕ್ಲೇಮ್ ಮಾಡುವ."

ತೃಷಾ ನಷ್ಟದ ಲೆಕ್ಕ ಹಾಕುವ ಒಬ್ಬ ಸರ್ವೆಯರನ್ನು ಪುತ್ತಿಗೆಗೆ ಕರೆದುಕೊಂಡು ಬಂದಳು. ಬರುವ ಮೊದಲೇ ಅವಳು ಮನೀಷನಿಗೆ ಹೇಳಿದ್ದಳು: "ಹಾಲಿನ ಕೆಲಸದ್ದೇ ಒಂದು ಭಾಗ ಅಂತ ಹೇಳುವ ಯೋಚನೆ ಇದ್ದರೆ ಬಿಡಿ ಅಣ್ಣ. ಸುಳ್ಳು ಕ್ಲೇಮಿಗೆ ನಾನಿಲ್ಲ." ಮನೀಷನಿಗೆ ಇದ್ದ ಯೋಚನೆ ಅದೊಂದೇ. ಅದನ್ನು ಬಿಡಲಿಲ್ಲ.

ಸರ್ವೆಯರ್ ಸುಟ್ಟ ಸಾಮಾನಿನ ಫೋಟೊ ತೆಗೆದ. ಕಪ್ಪಾದ ಗಂಟನ್ನು ಎತ್ತಿ ಮೂಸಿದ. ಆಮೇಲೆ ಚಾವಡಿಯಲ್ಲಿ ಕೂತು ಚಾ ಕುಡಿಯುತ್ತಾ ಕೇಳಿದ. "ಇದು ಯಾವ ಕೆಲಸ?"

"ಹಾಲಿನದ್ದೇ ಸರ್," ಮನೀಷ್ ಎಂದ. "ಎರಡಕ್ಕೂ ಯಜಮಾನರು ಒಬ್ಬರೇ. ಒಂದೇ ಕಾಂಟ್ರಾಕ್ಟ್ ಅಂತ ಲೆಕ್ಕ."

ಸರ್ವೆಯರ್ ಗೇಟಿನ ಕಡೆ ನೋಡಿದ. ಫ್ಲೆಕ್ಸ್ ಇನ್ನೂ ಅಲ್ಲೇ ಇತ್ತು. ಅದರಲ್ಲಿ ಮನೀಷ್ ಕೂಲಿಂಗ್ ಗ್ಲಾಸ್ ಹಾಕಿ ಕೈ ಮುಗಿದಿದ್ದ. ಕೆಳಗೆ "ಸೇವಾಕರ್ತರು" ಎಂದು ದಪ್ಪ ಅಕ್ಷರ.

"ನೀವು ಹೇಳಿ," ಸರ್ವೆಯರ್ ಜಯವರ್ಮರನ್ನು ಕೇಳಿದ. "ಕಾಂಟ್ರಾಕ್ಟಾ, ಸೇವೆಯಾ?"

"ಅಣ್ಣ," ಮನೀಷ್ ಮೆಲ್ಲಗೆ ಹೇಳಿದ, "ಒಂದು ಮಾತು. ನಿಮ್ಮ ಸಾಮಾನೇ ಅಲ್ವಾ ಹೋದದ್ದು?"

ಜಯವರ್ಮ ಗುಡಿಯ ಕಡೆ ನೋಡಿದರು. ತಾಯಿಯ ಕಡೆ ನೋಡಿದರು. ಕಮಲಾವತಿಯವರ ಮಟ್ಟಿಗೆ ಅಂದು ನಡೆದದ್ದು ಇನ್ನೂ ಕಾರ್ಣಿಕವೇ.

"ಸೇವೆ," ಎಂದರು ಜಯವರ್ಮ. "ದೈವದ ಸೇವೆಯನ್ನು ಕೂಲಿ ಅಂತ ಬರೆದುಕೊಡ್ಲಿಕ್ಕೆ ಆಗ್ತದಾ? ಮೈಕಿನಲ್ಲಿ ಹೇಳಿಸಿದ್ದೇವೆ."

ಸರ್ವೆಯರ್ ಕವರ್ ಇಲ್ಲ ಎಂದು ಬರೆದುಕೊಂಡು, ಚಾ ಮುಗಿಸಿ ಹೋದ. ಮನೀಷ್ ತಲೆ ತಗ್ಗಿಸಿ, "ಎಲ್ಲ ಹೊಸತು ತೆಗೆದು ಕೊಡ್ತೇನೆ ಅಣ್ಣ" ಎಂದ.

"ಬೇಡ ಬೇಡ." ಜಯವರ್ಮರ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಮನೀಷನಿಗೆ ಹೆದರಿಕೆ ಆದದ್ದು ಆಗಲೇ. "ಸೇವೆಯಲ್ಲಿ ಹೋದದ್ದನ್ನು ವಾಪಸ್ ಕೇಳಬಾರದು. ಕೇಳಿದರೆ ದೈವಕ್ಕೆ ಸರಿ ಕಾಣುವುದಿಲ್ಲ."

"ದೊಡ್ಡ ಮನಸ್ಸು ಅಣ್ಣ."

"ಹಾಲ್ ಸೇವೆ ಅಲ್ಲವಲ್ಲ. ಅದನ್ನು ಕಾರ್ಕಳದವರಿಗೆ ಹೇಳಿದ್ದೇನೆ."

ವಾಪಸ್ ಬರುವಾಗ ಪಿಕಪ್ಪನ್ನು ಶುಕೂರ್ ಓಡಿಸಿದ. ಹಾಲಿಗೆಂದು ತಂದಿಟ್ಟ ಲಗ್ಗುಗಳು ಡಬ್ಬದಲ್ಲಿ ಗಲಗಲ ಅನ್ನುತ್ತಿದ್ದವು.

"ಒಂದು ಕೇಳ್ತೇನೆ, ಬೈಬೇಡಿ," ಎಂದ ಶುಕೂರ್. "ಲಗ್ ಹಾಕಿದ್ದರೆ ದೈವ ಬೇಡ ಅಂತ ಹೇಳ್ತಿತ್ತಾ?"

ಮನೀಷ್ ತುಳುವಿನಲ್ಲಿ ಬೈದ.

ಪಾಲಿಸಿ ಹಾಗೆಯೇ ಚಾಲ್ತಿಯಲ್ಲಿತ್ತು. ಅದನ್ನು ಕೇಳುವ ಗಿರಾಕಿ ಇರಲಿಲ್ಲ.

ಜಯವರ್ಮರ ಮನೆಯಲ್ಲಿ ಹೋದದ್ದು ಎರಡು ಟಿವಿ, ಒಂದು ಫ್ರಿಜ್, ಒಂದು ಮಿಕ್ಸಿ, ಒಂದು ಇನ್ವರ್ಟರ್, ನಾಲ್ಕು ಫ್ಯಾನ್. ಮನೀಷನದ್ದು ಒಂದು ಹಾಲ್.