ಬಾಗಿಲಿಗೆ ಬಂದ ಪಲ್ಲಕ್ಕಿ

"ಕುದುರೆ ಬರ್ತಿವೆ" ಎಂದಳು ಓಕ್ರಿಮ್, ಉಪ್ಪುನೀರಿನಿಂದ ಕೈ ಎತ್ತದೆಯೇ. "ಒಂದಲ್ಲ ಅಣ್ಣಾ, ತುಂಬ ಇವೆ."

ಇನ್‌ಗ್ಯು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಕೋಸಿನ ಎಸಳುಗಳ ನಡುವೆ ಮೆಣಸಿನ ಅರಪು ಸವರುತ್ತಿದ್ದ. ರಾಜನ ತಮ್ಮ ಅಡುಗೆಯ ಹೆಂಗಸರ ಜೊತೆ ಕೂತು ಚಳಿಗಾಲಕ್ಕೆ ಕೋಸಿನ ಉಪ್ಪಿನಕಾಯಿ ಹಾಕುತ್ತಾನೆ ಎಂದು ರಾಜಧಾನಿ ಹನ್ಯಾಂಗ್ ಪಟ್ಟಣವೆಲ್ಲ ನಗುತ್ತಿತ್ತು. ನಗಲಿ ಎಂದೇ ಅವನು ಬಿಟ್ಟಿದ್ದ. ಜನ ನಗುವಂಥ ಮನುಷ್ಯನ ಮನೆಗೆ ಅರಮನೆಯಿಂದ ವಿಷದ ಬಟ್ಟಲು ಬರಲಾರದು ಎಂದು ಅವನ ನಂಬಿಕೆ.

ಹಿಂದೊಮ್ಮೆ ಹೀಗೇ ಕುದುರೆಗಳು ಬಂದಿದ್ದವು. ಇನ್‌ಗ್ಯು, ಓಕ್ರಿಮ್ ಇಬ್ಬರ ಒಡಹುಟ್ಟಿದ ಅಣ್ಣ ಸೊಜುನ್ ಊಟಕ್ಕೆ ಕೂತಿದ್ದ. ರಾಜದ್ರೋಹ ಎಂದರು, ಕೈ ಕಟ್ಟಿದರು, ದೂರದ ದ್ವೀಪವೊಂದಕ್ಕೆ ಸಾಗಿಸಿದರು. ಸಿಂಹಾಸನದ ಮೇಲಿದ್ದವನೂ ಅಣ್ಣನೇ, ಇವರ ಮಲತಾಯಿ ಪಟ್ಟದ ರಾಣಿಯ ಮಗ. ಆದರೆ ಮಂತ್ರಿಗಳು ಮುಂದಿಟ್ಟ ಆಜ್ಞೆಗೆ ಅವನು ಮುದ್ರೆ ಒತ್ತಿದ್ದ. ಆ ಚಳಿಗಾಲದಲ್ಲೇ ಇವರ ತಾಯಿ ತೀರಿಕೊಂಡಳು. ಅಂದಿನಿಂದ ಈ ಮನೆಯಲ್ಲಿ ಉಳಿದವರು ಇನ್‌ಗ್ಯು, ತಂಗಿ ಓಕ್ರಿಮ್ ಮತ್ತು ಇಬ್ಬರನ್ನೂ ಎತ್ತಿ ಆಡಿಸಿದ ಮುದುಕಿ ಸಾಮ್ವೊಲ್.

ಸಾಮ್ವೊಲ್ ಹೊರಬಾಗಿಲ ಕಡೆಯಿಂದ ಏದುಸಿರು ಬಿಡುತ್ತ ಬಂದಳು. "ಸಣ್ಣಧಣಿ, ರಾಜರ ಎಡಗಡೆ ಕೂರೋ ಮಂತ್ರಿ ಹಾನ್ ಪಿಲ್‌ಸು ಬಂದವ್ನೆ. ಜೊತೇಲಿ ಕತ್ತಿ ಹಿಡಿದೋರು. ಎಲ್ಲ ಬಿಳೀ ಬಟ್ಟೆ ಉಟ್ಟವ್ರೆ."

"ಬಿಳೀನಾ? ನಾವು ಸಾಯೋಕೆ ಮುಂಚೆನೇ ಸೂತಕ ಶುರು ಮಾಡಿದಾರಾ?" ಎಂದಳು ಓಕ್ರಿಮ್.

"ನೀನು ಹಿತ್ತಲಿಂದ ಹೋಗು."

"ಎಲ್ಲಿಗೆ, ಕೋಸಿನ ಗಡಿಗೆ ಒಳಗಾ? ನಾ ಎಲ್ಲಿಗೂ ಹೋಗಲ್ಲ."

ಬಾಗಿಲು ತೆರೆಯಿತು. ಇನ್‌ಗ್ಯು ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದ. ಬಟ್ಟಲು ಬಂದಾಗ ಹಾಗೆ ಮಾಡಬೇಕೆಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿ ಕಾದ. ಬಟ್ಟೆಗಳ ಸರಭರ ಸದ್ದಾಯಿತು, ಆಮೇಲೆ ಏನೂ ಕೇಳಲಿಲ್ಲ.

"ಏಳಿ ಸಣ್ಣಧಣಿ" ಎಂದು ಸಾಮ್ವೊಲ್ ಅವನ ತೋಳು ಜಗ್ಗಿದಳು. "ಅವರು ಬಗ್ಗಿರೋದು ನಿಮಗೇ!"

ತಲೆ ಎತ್ತಿದರೆ ಹಾನ್ ಮಂತ್ರಿ ಉಪ್ಪುನೀರಿನ ಕೆಸರಿನಲ್ಲೇ ಅಡ್ಡಬಿದ್ದಿದ್ದ. ಅವನ ಹಿಂದೆ ಅಧಿಕಾರಿಗಳು, ಸೈನಿಕರು. ಬಾಗಿಲಾಚೆ ಬೀದಿಯಲ್ಲಿ ಖಾಲಿ ಪಲ್ಲಕ್ಕಿ. ಅದರ ಸುತ್ತ ಆಗಲೇ ಜನ ಸೇರಿದ್ದರು. ನೆರೆಮನೆಯವರು ಗೋಡೆ ಹತ್ತಿ ನೋಡುತ್ತಿದ್ದರು.

"ಮಹಾಪ್ರಭುಗಳು ನಿನ್ನೆ ತೀರಿಕೊಂಡರು" ಎಂದ ಮಂತ್ರಿ, ಬೀದಿಗೆಲ್ಲ ಕೇಳುವಂತೆ. "ಅವರಿಗೆ ಮಕ್ಕಳಿಲ್ಲ. ಇನ್ಮೇಲೆ ತಾವೇ ನಮ್ಮ ಪ್ರಭು. ರಾಜಮಾತೆಯ ಅಪ್ಪಣೆ ಆಗಿದೆ."

ಓಕ್ರಿಮ್‌ಗೆ ನಗು ಬಂದುಬಿಟ್ಟಿತು. ಒದ್ದೆ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು.

"ನೆಗಡಿ ಜ್ವರ ಅಂದಿದ್ರಲ್ಲ" ಎಂದ ಇನ್‌ಗ್ಯು ಮೆಲ್ಲಗೆ. ಕಳೆದ ಹಬ್ಬದಲ್ಲಿ ದೂರದಿಂದ ಕಂಡಿದ್ದ ಆ ಅಣ್ಣನ ಮುಖ ನೆನಪಿಗೆ ಬಂತು. ದುಃಖಪಡಬೇಕೆಂದುಕೊಂಡ. ಅಷ್ಟರಲ್ಲಿ ಇನ್ನೊಂದು ಮುಖ ಅಡ್ಡ ಬಂತು. "ನಾನು ಹೇಗೆ? ಸೊಜುನಣ್ಣ ಇದ್ದಾನೆ. ಅವನು ನನಗಿಂತ ದೊಡ್ಡವನು."

ಮಂತ್ರಿ ಮೊಣಕಾಲಲ್ಲೇ ಹತ್ತಿರ ಸರಿದು ದನಿ ತಗ್ಗಿಸಿದ. "ಅವರು ಅಪರಾಧಿ. ವಂಶದ ಪಟ್ಟಿಯಿಂದ ಹೆಸರು ಹೊಡೆದಾಗಿದೆ. ಅದೂ ಇವತ್ತಿಗೆ ಮುಗಿಯುತ್ತೆ. ಮಾಪೊ ಬಂದರಿನಲ್ಲಿ ದೋಣಿ ನಿಂತಿದೆ. ಇಳಿತದ ನೀರು ಸಿಕ್ಕ ಕೂಡಲೇ ದ್ವೀಪಕ್ಕೆ ಹೊರಡುತ್ತೆ. ತಾವೊಂದು 'ಹೂಂ' ಅಂದ್ರೆ ಸಾಕು."

"ದೋಣೀಲಿ ಏನಿದೆ?"

ಮಂತ್ರಿ ಎರಡೂ ಅಂಗೈ ಸೇರಿಸಿ ಬಟ್ಟಲು ಹಿಡಿದಂತೆ ತೋರಿಸಿದ.

"ಅಣ್ಣಾ" ಎಂದಳು ಓಕ್ರಿಮ್. ಅವಳ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

ಇನ್‌ಗ್ಯು ಹುಟ್ಟಿದಾಗಿನಿಂದ ಎಲ್ಲದಕ್ಕೂ ಹೂಂ ಎಂದೇ ಬದುಕಿದವನು. ಸೊಜುನ್‌ನನ್ನು ಎಳೆದೊಯ್ದ ದಿನವೂ ಈ ಅಂಗಳದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಈಗಲೂ ನಾಲಿಗೆಯ ತುದಿಗೆ ಅದೇ ಮಾತು ಬಂತು. ಅದನ್ನು ಹಿಡಿದು ನಿಲ್ಲಿಸಲು ಏನಾದರೂ ಮಾಡಬೇಕಿತ್ತು. ಮತ್ತೆ ಕುಕ್ಕರಗಾಲಲ್ಲಿ ಕೂತು ಒಂದು ಕೋಸು ಕೈಗೆತ್ತಿಕೊಂಡ.

"ದೋಣಿ ನಿಲ್ಲಿಸಿ. ಆಮೇಲೆ ಪಲ್ಲಕ್ಕಿ ಹತ್ತೀನಿ."

"ಮಹಾಪ್ರಭು, ಅವರು ಬದುಕಿದ್ರೆ ನಾಳೆ ನಿಮ್ಮ ಕುತ್ತಿಗೆಗೇ ಬರ್ತಾರೆ."

"ಬರಲಿ. ಸರದಿ ಅವನದೇ ತಾನೆ?"

ಮಂತ್ರಿಯ ದನಿ ಇನ್ನೂ ತಗ್ಗಿತು, ಅದರಲ್ಲಿದ್ದ ವಿನಯವೂ ಕರಗಿತು. "ದಾಯಾದಿಗಳಲ್ಲಿ ಬೇರೆ ಹುಡುಗರೂ ಇದಾರೆ. ಪಲ್ಲಕ್ಕಿ ಇಲ್ಲಿಂದ ಅವರ ಮನೆಗೂ ಹೋಗಬಹುದು. ಆಗ ಮಾಪೊದಲ್ಲಿ ಇನ್ನೆರಡು ದೋಣಿ ಬೇಕಾಗುತ್ತೆ."

ಇನ್‌ಗ್ಯು ಕೋಸನ್ನು ಕೆಳಗಿಟ್ಟ. ಗೋಡೆಯ ಮೇಲಿನ ಮುಖಗಳನ್ನು ನೋಡಿದ. ಬೀದಿಯನ್ನು ನೋಡಿದ. ಆಮೇಲೆ ಎಂದೂ ಏರಿಸದಿದ್ದ ದನಿಯಲ್ಲಿ ಹೇಳಿದ: "ಹಾನ್ ಮಂತ್ರಿಗಳೇ, ನೀವು ನನ್ನನ್ನ ಪ್ರಭು ಅಂತ ಕರೆದದ್ದು ಇಡೀ ಬೀದಿ ಕೇಳಿದೆ. ಈಗ ಎದ್ದು ಬೇರೆಯವರ ಮನೆಗೆ ಹೋದ್ರೆ, ಪ್ರಭುಗೆ ಏನಾಯ್ತು ಅಂತ ಇವರೇ ಕೇಳ್ತಾರೆ. ಏನು ಹೇಳ್ತೀರಿ?"

ಬೀದಿಯಲ್ಲಿ ಗುಜುಗುಜು ಎದ್ದಿತು. ಯಾರೋ ಕೆಮ್ಮಿದರು. ಮಂತ್ರಿಯ ಕಿವಿಗಳು ಕೆಂಪಾದವು. ಏಳುವಂತಿರಲಿಲ್ಲ, ಪ್ರಭು ಇನ್ನೂ ಏಳು ಎಂದಿರಲಿಲ್ಲ. ಉಪ್ಪುನೀರು ಅವನ ಬಿಳಿ ಬಟ್ಟೆಯನ್ನು ಮೊಣಕಾಲಿನಿಂದ ಮೇಲಕ್ಕೆ ನೆನೆಸುತ್ತ ಬಂದಿತ್ತು.

"ದೂತನ್ನ ಕಳಿಸ್ತೀನಿ" ಎಂದ ಕೊನೆಗೆ.

"ನಿಮ್ಮ ದೂತ ದಾರೀಲಿ ಕುದುರೆಗೆ ಮೂರು ಸಲ ನೀರು ಕುಡಿಸ್ತಾನೆ" ಎನ್ನುತ್ತ ಓಕ್ರಿಮ್ ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಾನೇ ಹೋಗ್ತೀನಿ. ನಿಮ್ಮ ಕುದುರೆ ಕೊಡಿ."

"ರಾಜಕುಮಾರಿ ಕುದುರೆ ಮೇಲಾ? ಬೀದೀಲಾ?"

"ಹೌದು. ಈ ಉಪ್ಪುನೀರಿನ ಕೈ ಕೂಡ ತೊಳೀದೇ ಹೋಗ್ತೀನಿ."

ಇನ್‌ಗ್ಯು ತನ್ನ ಹೆಸರು ಕೆತ್ತಿದ ದಂತದ ಗುರುತಿನ ಬಿಲ್ಲೆಯನ್ನು ಸೊಂಟದಿಂದ ಕಿತ್ತು ಅವಳ ಅಂಗೈಗೆ ಒತ್ತಿದ. "ದೋಣಿ ಹೊರಟುಬಿಟ್ಟಿದ್ರೆ?"

"ಇನ್ನೊಂದು ಹತ್ತೀನಿ." ಅವಳು ಒಂದು ಕ್ಷಣ ಅವನ ತೋಳು ಹಿಡಿದು ನಿಂತಳು. "ನಾನು ಹೋದ್ಮೇಲೆ ಇವರ ಜೊತೆ ನೀನೊಬ್ಬನೇ."

"ಗೊತ್ತು."

ಅವಳು ಹೋದ ಮೇಲೆ ಅವನು ಕೈ ತೊಳೆದುಕೊಂಡ. ಸಾಮ್ವೊಲ್ ಒರೆಸಿಕೊಳ್ಳಲು ತನ್ನ ಲಂಗದ ಅಂಚನ್ನೇ ಕೊಟ್ಟಳು. ಅವನು ಪಲ್ಲಕ್ಕಿ ಹತ್ತುವಾಗ ಬೀದಿಯ ಜನ ಮೊದಲ ಬಾರಿ ನಗದೆ ನೋಡಿದರು.

ದೋಣಿ ಹೊರಟುಬಿಟ್ಟಿತ್ತು. ಮಂತ್ರಿ ಇನ್‌ಗ್ಯುವಿನ ಬಾಗಿಲಿಗೆ ಬರುವ ಮೊದಲೇ ಅದಕ್ಕೆ ಅಪ್ಪಣೆ ಕೊಟ್ಟಾಗಿತ್ತು. ಓಕ್ರಿಮ್ ಮೀನುಗಾರರ ದೋಣಿಯೊಂದನ್ನು ಹಿಡಿದು ಹಿಂದೆ ಹೋಗಿದ್ದಾಳೆ ಎಂಬಷ್ಟು ಸುದ್ದಿ ಅರಮನೆಗೆ ಬಂತು. ಅಲ್ಲಿಂದಾಚೆಗೆ ಏನೂ ಬರಲಿಲ್ಲ. ಇನ್‌ಗ್ಯು ಸತ್ತ ರಾಜನ ಶವಪೆಟ್ಟಿಗೆಯ ಮುಂದೆ ಕೂತು ವಿಧಿ ಮುಗಿಸಿದ. ಕೊಟ್ಟ ಗಂಜಿಯನ್ನು ಯಾರಾದರೂ ರುಚಿ ನೋಡಿದ ಮೇಲೆ ಕುಡಿದ. ಹಾನ್ ಪಿಲ್‌ಸು ದಿನವೂ ಬಂದು ಅವನ ಆರೋಗ್ಯ ವಿಚಾರಿಸುತ್ತಿದ್ದ. ಸಮುದ್ರದಲ್ಲಿ ಗಾಳಿ ಜೋರಾಗಿದೆಯಂತೆ ಎಂದೂ ಸೇರಿಸುತ್ತಿದ್ದ.

ಪಟ್ಟಾಭಿಷೇಕದ ಬೆಳಗ್ಗೆ ಚಳಿ ಕೊರೆಯುತ್ತಿತ್ತು. ಕಲ್ಲಿನ ಅಂಗಳದ ಉದ್ದಕ್ಕೂ ಅಧಿಕಾರಿಗಳು ಸಾಲುಗಟ್ಟಿ ನಿಂತಿದ್ದರು. ಇನ್‌ಗ್ಯುವಿನ ತಲೆಯ ಮೇಲೆ ಚಪ್ಪಟೆ ಹಲಗೆಯ ಕಿರೀಟವಿತ್ತು. ಅದರ ಮುಂದೆ ಮಣಿಗಳ ಸರಗಳು ಕಣ್ಣಿನ ಕೆಳಗಿನವರೆಗೂ ಇಳಿಬಿದ್ದಿದ್ದವು. ಸಿಂಹಾಸನದ ಮೆಟ್ಟಿಲ ಬಳಿ ಹಾನ್ ಮಂತ್ರಿ ನಿಂತು ಮಣಿಗಳಾಚೆಯ ಮುಖವನ್ನೇ ನೋಡುತ್ತಿದ್ದ.

ನಿಲುವಂಗಿಯ ಅಂಚು ಸರಿಪಡಿಸಲು ಅಂತಃಪುರದ ಒಬ್ಬ ಮುದಿ ಸೇವಕ ಬಗ್ಗಿದ. ಬಗ್ಗಿದವನು ಏಳಲು ತುಸು ತಡಮಾಡಿದ.

"ರಾಜಕುಮಾರಿ ಮಾಪೊಗೆ ಬಂದಿದಾರೆ" ಎಂದ, ತುಟಿ ಅಲುಗಿಸದೆ. "ವಿಷದ ದೋಣಿ ಗಾಳಿಗೆ ಹೆದರಿ ನಡುದಾರೀಲಿ ಲಂಗರು ಹಾಕಿತ್ತಂತೆ. ಮೀನುಗಾರರು ಹೆದರಲಿಲ್ಲ. ಜೊತೇಲಿ ದ್ವೀಪದಲ್ಲಿದ್ದ ಅಣ್ಣನೂ ಇದಾರೆ. ತುಂಬ ಬಡವಾಗಿದಾರೆ, ಕೆಮ್ಮು ಬೇರೆ. ಬಂದರಿನಲ್ಲಿ ಎರಡು ಬಟ್ಟಲು ಗಂಜಿ ಅವರೇ ಕೇಳಿ ಕುಡಿದ್ರಂತೆ."

ಸೇವಕ ಎದ್ದು ಹಿಂದಕ್ಕೆ ಸರಿದ. ನಗಾರಿ ಮೊಳಗಿತು. ಇನ್‌ಗ್ಯು ಮುಖದ ಒಂದು ಗೆರೆಯೂ ಕದಲದಂತೆ, ಮಂತ್ರಿಯ ಕಣ್ಣೆದುರೇ ಮೆಟ್ಟಿಲು ಹತ್ತಿ ಕೂತ. ಗಾಳಿ ನಿಂತಿತ್ತು. ಅಂಗಳದ ಬಾವುಟಗಳೆಲ್ಲ ಕೋಲಿಗೆ ಅಂಟಿಕೊಂಡಿದ್ದವು. ಅವನ ಕಣ್ಣೆದುರಿನ ಮಣಿಗಳು ಮಾತ್ರ ಒಂದಕ್ಕೊಂದು ತಾಗುತ್ತ ಸಣ್ಣಗೆ ಸದ್ದು ಮಾಡುತ್ತಲೇ ಇದ್ದವು.