ಕಸದ ಯಾರ್ಡಿನ ಹಿಂದಿನ ಮನೆ

ಕಸದ ಯಾರ್ಡು ಊರಾಚೆಗೆ ಹೋಗುತ್ತದೆ, ಆ ಜಾಗದಲ್ಲಿ ಉದ್ಯಾನ ಬರುತ್ತದೆ ಎಂದು ಬೋರ್ಡು ನೆಟ್ಟ ದಿನ ನಮ್ಮ ಗಲ್ಲಿಯ ಸ್ವಂತ ಮನೆಯವರೆಲ್ಲ ಚಪ್ಪಾಳೆ ತಟ್ಟಿದರು. ಬಾಡಿಗೆಗಿದ್ದ ನಾವು ಮಾತ್ರ ಕೈ ಕಟ್ಟಿಕೊಂಡು ನಿಂತೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಆ ನಾತವೇ ನಮ್ಮನ್ನು ನಗರದ ನಡುವೆ ಉಳಿಸಿತ್ತು. ಎರಡು ಬೀದಿ ಆಚೆ ಇಷ್ಟೇ ದೊಡ್ಡ ಎರಡು ಕೋಣೆಗೆ ಬಾಡಿಗೆ ಇದರ ದುಪ್ಪಟ್ಟು. ನೋಡಲು ಬಂದವರೆಲ್ಲ ಮೂಗು ಮುಚ್ಚಿಕೊಂಡು ಓಡಿದ್ದರಿಂದ ಈ ಮನೆ ಹನ್ನೊಂದು ವರ್ಷ ನಮಗೆ ದಕ್ಕಿತ್ತು. ನಾನು ಇಸ್ತ್ರಿ ಮಾಡುವ ಲಾಂಡ್ರಿಗೆ ಇಲ್ಲಿಂದ ಎಂಟು ನಿಮಿಷ. ನನ್ನವರ ಬಸ್ ಡಿಪೋಗೆ ಹತ್ತು. ಅತ್ತೆ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಆಸ್ಪತ್ರೆಗೆ, ಅವರ ಕೋಲಿನ ನಡಿಗೆಯಲ್ಲಿ, ಹದಿನೈದು. ಇಲ್ಲಿಂದ ಎದ್ದರೆ ನಮ್ಮ ಕೈಗೆಟುಕುವ ಮನೆ ಸಿಗುವುದು ನಗರದ ತುದಿಯಲ್ಲಿ, ಎರಡು ಬಸ್ಸು, ಎರಡು ಗಂಟೆ. ಡಯಾಲಿಸಿಸ್ ಮುಗಿಸಿದ ಅತ್ತೆ ಬಸ್ಸಿನಲ್ಲಿ ನಿಂತು ಬರುವುದನ್ನು ನೆನೆದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ವಾರ ಲಾಂಡ್ರಿಯಲ್ಲಿ ಎರಡು ಅಂಗಿ ಸುಟ್ಟೆ.

ಕೊನೆಯ ಕಸದ ಲಾರಿ ಹೋಗಿ ವಾರವಾಗಿರಲಿಲ್ಲ, ಮನೆ ಮಾಲೀಕರ ಫೋನು ಬಂತು. "ಭಾನುವಾರ ಮನೆ ಕೊಳ್ಳೋರು ನೋಡೋಕೆ ಬರ್ತಾರೆ. ಸ್ವಲ್ಪ ಚೊಕ್ಕಟವಾಗಿ ಇಟ್ಟಿರಿ."

ನಾನು ನೆಟ್ಟಗೆ ಮೀನು ಮಾರುಕಟ್ಟೆಗೆ ಹೋದೆ. ಅವರು ಬಿಸಾಡುವ ಮೀನಿನ ಕರುಳು ಒಂದು ಬಕೆಟ್ ತಂದು, ಮುಚ್ಚಿ, ನಮ್ಮ ಬಾಗಿಲ ಪಕ್ಕ ಮೂರು ದಿನ ಕೊಳೆಯಲು ಇಟ್ಟೆ.

"ನಿಂಗೇನು ತಲೆ ಕೆಟ್ಟಿದೆಯಾ?" ಎಂದರು ನನ್ನವರು.

"ಹೊಸ ಯಾರ್ಡು ತರೋಕೆ ನನ್ನ ಕೈಲಾಗಲ್ಲ. ಇಷ್ಟಾದ್ರೂ ಆಗುತ್ತಲ್ಲ," ಎಂದೆ.

ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದು ಇಬ್ಬರೂ ಬಗ್ಗಿದೆವು. ತೊಂದರೆ ಗೊತ್ತಾದದ್ದೇ ಆಗ. ಹನ್ನೊಂದು ವರ್ಷ ಆ ಯಾರ್ಡಿನ ಬೆನ್ನಿಗೆ ಬದುಕಿದ ನಮ್ಮ ಮೂಗು ಸತ್ತೇ ಹೋಗಿತ್ತು.

"ಬರ್ತಿದೆಯಾ?"

"ಏನೋ ಬಂದ ಹಾಗಿದೆ. ನಿಮಗೆ?"

"ಊಹೂಂ."

ಅಷ್ಟರಲ್ಲಿ ಕೊರಿಯರ್‌ನವನು ಮೆಟ್ಟಿಲು ಹತ್ತಿದ. ಒಂದು ಮಹಡಿ ಕೆಳಗೇ ನಿಂತು, ಕರವಸ್ತ್ರ ಮೂಗಿಗೊತ್ತಿ, "ಅಕ್ಕಾ, ನೀವೇ ಇಳಿದು ಬಂದು ತಗೊಳ್ಳಿ!" ಎಂದು ಕೂಗಿದ. ಅವನ ಕಾಲಿಗೆ ಬೀಳಬೇಕೆನಿಸಿತು.

"ಅತ್ತೆ, ಅವರು ಏನು ಕೇಳಿದ್ರೂ ನೀವು ಕೆಮ್ಮಿ. ಬಾಯಿ ಮಾತ್ರ ಬಿಡಬೇಡಿ," ಎಂದೆ.

"ನಂಗೆ ಹೇಳಿಕೊಡ್ತೀಯಾ? ನನ್ನ ಮಗ ಗೊರಕೆ ಹೊಡೆಯಲ್ಲ ಅಂತ ನಿಮ್ಮಪ್ಪನಿಗೆ ಹೇಳಿದೋಳು ಕಣೇ ನಾನು."

ಬಂದವರು ಗಂಡ ಹೆಂಡತಿ. ಮಾಲೀಕರು ಫೋನಿನ ಕುಂಟುನೆಪ ಹೇಳಿ ಬೀದಿಯಲ್ಲೇ ಉಳಿದರು. ಗಂಡ ಹೊಸ್ತಿಲಲ್ಲೇ ಮುಖ ಕಿವುಚಿ, "ಥೂ, ಬಾ ಹೋಗೋಣ," ಎಂದ. ನನಗೆ ಹೋದ ಜೀವ ಬಂದಂತಾಯಿತು. ಹೆಂಡತಿ ಏಳು ತಿಂಗಳ ಬಸುರಿ. ಮೂರು ಮಹಡಿ ಹತ್ತಿದ ಏದುಸಿರಲ್ಲಿ ಗೋಡೆಗೆ ಒರಗಿ, ಅತ್ತೆಯ ಕಡೆ ತಿರುಗಿದಳು.

"ಅಮ್ಮಾ, ಇಲ್ಲಿಂದ ದೊಡ್ಡಾಸ್ಪತ್ರೆ ಎಷ್ಟು ದೂರ? ನಾನಲ್ಲಿ ನರ್ಸು. ದಿನಾ ಎರಡು ಬಸ್ಸು, ಎರಡು ಗಂಟೆ. ನಿನ್ನೆ ಪೂರ್ತಿ ನಿಂತುಕೊಂಡೇ ಬಂದೆ."

ಅತ್ತೆ ಕೆಮ್ಮಿದರು. ಅವಳ ಹೊಟ್ಟೆ ನೋಡಿದರು. ಎರಡನೇ ಕೆಮ್ಮು ಅರ್ಧಕ್ಕೇ ನಿಂತಿತು.

"ನನ್ನ ಕೋಲಲ್ಲಿ ಹದಿನೈದು ನಿಮಿಷ. ನಿನ್ನ ಕಾಲಿಗೆ ಏಳೇ," ಎಂದರು. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸುವವರು ಯಾರು? "ದಾರಿ ಉದ್ದಕ್ಕೂ ನೆರಳಮ್ಮ. ಬೆಳಿಗ್ಗೆ ಈ ಕಿಟಕಿಗೆ ಎಳೆಬಿಸಿಲು ಬೀಳುತ್ತೆ, ಮಗೂನ ಇಲ್ಲೇ ಮಲಗಿಸಬಹುದು." ನಾನು ಮೊಣಕೈಯಲ್ಲಿ ತಿವಿದಾಗ ನೆನಪಾಗಿ ಮತ್ತೆ ಕೆಮ್ಮಿದರು.

ಅವಳು ಗಂಡನಿಗೆ ಹೇಳಿದಳು: "ನಾತ ಇವತ್ತಲ್ಲ ನಾಳೆ ಹೋಗುತ್ತೆ ರೀ. ಆಸ್ಪತ್ರೆ ಎಲ್ಲೂ ಹೋಗಲ್ಲ."

ಸಂಜೆಗೆ ಮಾಲೀಕರು ಫೋನಿನಲ್ಲಿ ಮನೆ ಖಾಲಿ ಮಾಡಲು ಎರಡು ತಿಂಗಳ ಗಡುವು ಕೊಟ್ಟರು.

"ನಮ್ಮ ತಲೆ ಮೇಲೆ ನೀವೇ ಕಲ್ಲು ಹಾಕಿದ್ರಲ್ಲ ಅತ್ತೆ!" ಎಂದು ಕಿರುಚಿದೆ. ಜೀವನದಲ್ಲಿ ಮೊದಲ ಸಲ ಅವರ ಮೇಲೆ ಕೂಗಾಡಿದ್ದೆ.

"ನಿಂತುಕೊಂಡೇ ಬಂದೆ ಅಂದ್ಲು ಕಣೇ. ಸುಳ್ಳು ಬಾಯಿಗೆ ಬರಲಿಲ್ಲ."

"ಇನ್ನು ನೀವು ನಿಂತು ಬರಬೇಕು. ಅದು ಹೊಳೀಲಿಲ್ವಾ?"

ನಾನು ಬಕೆಟ್ ಎತ್ತಿಕೊಂಡು ದಡದಡ ಇಳಿದು, ಖಾಲಿ ಯಾರ್ಡಿನ ಮೂಲೆಯ ಗುಂಡಿಗೆ ಸುರಿದು ಮಣ್ಣೆಳೆದೆ. ತಿರುಗಿ ಬರುವಾಗ ಎರಡನೇ ಮಹಡಿಯಲ್ಲಿ ಗಬ್ಬೆಂದು ಮೀನಿನ ನಾತ ಮೂಗಿಗೆ ಬಡಿಯಿತು. ನನ್ನ ಮೂಗಿಗೆ ಜೀವ ಬರಲು ಇಷ್ಟು ದಿನ ಬೇಕಾಯಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಬಿಕ್ಕಿ ಬಿಕ್ಕಿ ಅಳು ಬಂತು.

ಒಳಗೆ ಬಂದಾಗ ಅತ್ತೆಯ ಕೋಲು ಮಂಚದ ಮೇಲಿತ್ತು. ಅವರು ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು, ಗಡಿಯಾರ ನೋಡುತ್ತ ನಿಂತಿದ್ದರು.

"ಏನು ಮಾಡ್ತಿದ್ದೀರಿ?"

"ಎಷ್ಟು ಹೊತ್ತು ನಿಲ್ಲೋಕಾಗುತ್ತೆ ಅಂತ ನೋಡ್ತಿದ್ದೀನಿ. ನಾಲ್ಕು ನಿಮಿಷ ಆಯ್ತು."

ನಾನು ಸ್ಟೂಲು ತಂದು ಅವರ ಹಿಂದೆ ಇಟ್ಟೆ. ಅವರು ಕೂರಲಿಲ್ಲ.