ಕಪ್ಪು ಅಂಚಿನ ಕಾಗದ

ನಮ್ಮ ಬೆಟ್ಟದ ಹವೆಯನ್ನು ನಂಬುವುದಕ್ಕಿಂತ ಸಾಲಗಾರನ ಆಣೆ ನಂಬುವುದು ಮೇಲು. ಆ ಫೆಬ್ರವರಿಯ ಗುರುವಾರ ಬೆಳಿಗ್ಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹತ್ತಕ್ಕೆ ದಕ್ಷಿಣದ ಗಾಳಿ ಮಳೆ ತಂದಿತು, ಹನ್ನೊಂದಕ್ಕೆ ಆ ಮಳೆ ಬಿದ್ದಲ್ಲೇ ಮಂಜುಗಡ್ಡೆ ಕಟ್ಟಿತು. ಸ್ಕೀ ಆಡಲು ಬಂದ ಪ್ರವಾಸಿಗರು ಬೈದುಕೊಳ್ಳುತ್ತ ಹೋಟೆಲಿಗಿಳಿದರು. ಕುರ್ಚಿ ಲಿಫ್ಟಿನ ಮೇಲಿನ ತುದಿಯ ಕೋಣೆಯಲ್ಲಿ ನಾನೊಬ್ಬನೇ ಉಳಿದೆ. ಹನ್ನೊಂದು ಚಳಿಗಾಲದಿಂದ ಇದೇ ನನ್ನ ಕೆಲಸ. ಬಂದವರನ್ನು ಇಳಿಸುವುದು, ಖಾಲಿ ಕುರ್ಚಿಗಳು ತಿರುಗಿ ಹೋಗುವುದನ್ನು ನೋಡುವುದು.

ಅದಕ್ಕೂ ಮೊದಲು ರಕ್ಷಣಾ ತಂಡದಲ್ಲಿದ್ದೆ, ನನ್ನ ಅಣ್ಣ ಎಂಚೊನ ಕೈಕೆಳಗೆ. ಸಂಜೆ ಬೆಟ್ಟ ಮುಚ್ಚುವಾಗ ತಂಡದ ಒಬ್ಬ ಎಲ್ಲರಿಗಿಂತ ಕೊನೆಗೆ ಇಳಿಯಬೇಕು. ಪ್ರತಿ ತಿರುವಿನಲ್ಲೂ ನಿಂತು ಕೂಗಬೇಕು, ಉಸಿರು ಬಿಗಿಹಿಡಿದು ಉತ್ತರಕ್ಕೆ ಕಾಯಬೇಕು. ಒಂದು ಸಂಜೆ ಮಂಜು ಕವಿದಿತ್ತು. ಕೊನೆಯ ತಿರುವಿಗೆ ಹೋಗದೆಯೇ ‘ಯಾರೂ ಇಲ್ಲ’ ಎಂದು ವರದಿ ಕೊಟ್ಟೆ. ಅಲ್ಲಿ ಒಬ್ಬ ಹೆಂಗಸು ಕಾಲು ಮುರಿದುಕೊಂಡು ಬಿದ್ದಿದ್ದಳು. ಬದುಕಿದಳು, ಆದರೆ ಚಳಿಗೆ ಮೂರು ಕಾಲ್ಬೆರಳು ಹೋದವು. ವಿಚಾರಣೆಯಲ್ಲಿ ಅಣ್ಣ ನಡೆದದ್ದನ್ನೇ ಹೇಳಿದ, ನನ್ನನ್ನು ತಂಡದಿಂದ ತೆಗೆದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಾನು ಒದೆಯಲಿಲ್ಲ, ಮಾತು ಬಿಟ್ಟೆ. ಅವನ ಹೆಸರು, ಅವನ ಮನೆಯ ಸುದ್ದಿ ನನ್ನ ಮುಂದೆ ಎತ್ತಿದವನ ಹಲ್ಲು ಉದುರಿಸುತ್ತೇನೆ ಎಂದು ಇಡೀ ಬೆಟ್ಟಕ್ಕೆ ಸಾರಿದೆ. ಎಲ್ಲರೂ ನನ್ನ ಮಾತು ನಡೆಸಿಕೊಟ್ಟರು.

ಮಧ್ಯಾಹ್ನಕ್ಕೆ ಗಾಳಿ ಜೋರಾಗಿ ಲಿಫ್ಟ್ ನಿಂತಿತು. ಲಿಫ್ಟಿನ ಕೆಳತುದಿ ನೋಡಿಕೊಳ್ಳುವ ಕ್ರಾಸ್ತ್ಯೊ ಫೋನ್ ಮಾಡಿದ.

“ಸ್ಪಾಸಣ್ಣ, ಇವತ್ತಿಗೆ ಮುಗೀತು. ಬೀಗ ಹಾಕಿ ಇಳಿದ್ಬಿಡಿ. ವಯಸ್ಸಾದ ಮೂಳೆ, ಜೋಪಾನ.”

“ನಿನ್ನ ಮೂಳೆ ನೋಡ್ಕೊಳೋ. ಮೊನ್ನೆ ಬಾರ್ ಮೆಟ್ಟಿಲಲ್ಲಿ ಜಾರಿದ್ದು ನಾನಲ್ಲ.”

ನಕ್ಕ. ಆಮೇಲೆ ದನಿ ತಗ್ಗಿಸಿದ. “ಅಣ್ಣಾ, ಆ ಟೀ ಅಂಗಡಿ ಗೋಡೆ ಮೇಲೆ ಬೆಳಿಗ್ಗೆ... ಏನಿಲ್ಲ ಬಿಡಿ. ನೀವೇ ನೋಡ್ತೀರ.”

ಟೀ ಅಂಗಡಿ ನನ್ನ ಕೋಣೆಯ ಪಕ್ಕದಲ್ಲೇ ಇದೆ. ನನ್ನ ಅತ್ತಿಗೆ ಝ್ಲಾತಿನಾ ನಡೆಸುತ್ತಿದ್ದದ್ದು. ಅವರ ಮಂಡಿ ಕೈಕೊಟ್ಟ ಮೇಲೆ ಬಾಗಿಲು ಮುಚ್ಚಿದೆ. ಗೋಡೆಯ ಮೇಲೆ ಕಪ್ಪು ಅಂಚಿನ ಕಾಗದ ಅಂಟಿಸಿದ್ದರು. ಸತ್ತವರು ಬಾಳಿದ, ದುಡಿದ ಕಡೆಯೆಲ್ಲ ನಾವು ಹಚ್ಚುವ ಕಾಗದ. ಮೇಲಿನ ಅರ್ಧದ ಮೇಲೆ ಮಳೆ ದಪ್ಪಗೆ ಗಡ್ಡೆ ಕಟ್ಟಿ ಭಾವಚಿತ್ರ ಮುಚ್ಚಿಹೋಗಿತ್ತು. ಕೆಳಗೆ ಎರಡೇ ಪದ ಕಾಣುತ್ತಿದ್ದವು: ಎಂಚೊ ಮಿಂಡೋವ್.

ಉಗುರಿನಿಂದ ಕೆರೆದು ನೋಡಬಹುದಿತ್ತು. ನೋಡಲಿಲ್ಲ. ಸ್ಕೀ ಕಟ್ಟಿಕೊಂಡು, ಹೋಟೆಲಿನ ಕಡೆಗಲ್ಲ, ಬೆಟ್ಟದ ಬೆನ್ನಿನ ಕಡೆಗೆ ತಿರುಗಿದೆ. ಆ ಕಡೆ ಯಾಸೆನೊವೊ, ಅಣ್ಣನ ಹಳ್ಳಿ. ರಸ್ತೆಯಲ್ಲಾದರೆ ಎರಡು ಗಂಟೆ, ಹೀಗಾದರೆ ನಲವತ್ತು ನಿಮಿಷ.

ಮೇಲೆಲ್ಲ ಗಾಜಿನಂಥ ಗಡ್ಡೆ. ಸ್ಕೀ ಹಲಗೆಗಳು ಕಚ್ಚದೆ ಕಟಕಟ ಎನ್ನುತ್ತಿದ್ದವು. ನಡುವೆ ಮಂಜು ಬಂತು, ನನ್ನ ಸ್ಕೀಗಳ ತುದಿಯೇ ನನಗೆ ಕಾಣದಷ್ಟು. ನಾವಿಬ್ಬರೂ ಚಿಕ್ಕವರಿದ್ದಾಗ ಇಳಿಯುತ್ತಿದ್ದ ದಾರಿ ಅದು. ಅವನು ಮುಂದೆ, ನಾನು ಅವನ ಬೆನ್ನು ನೋಡಿಕೊಂಡು ಹಿಂದೆ. ಈಗ ನೋಡಲು ಬೆನ್ನಿರಲಿಲ್ಲ. ಪೈನ್ ಮರಗಳ ನಡುವೆ ಒದ್ದೆ ಹಿಮ ಕಾಲು ಹಿಡಿದೆಳೆದು ಎರಡು ಸಲ ಮುಖ ಅಡಿಯಾಗಿ ಬಿದ್ದೆ. ಎರಡನೆಯ ಸಲ ಎದ್ದೇಳಲಿಲ್ಲ, ಅಲ್ಲೇ ಕೂತು ಅತ್ತೆ. ‘ತಪ್ಪು ನಂದೇ ಕಣೋ’ ಎಂದು ಹನ್ನೊಂದು ವರ್ಷದಲ್ಲಿ ಯಾವ ದಿನ ಬೇಕಾದರೂ ಹೇಳಬಹುದಿತ್ತು. ಈಗ ಮರಗಳಿಗೆ ಹೇಳಿದೆ.

ಕಣಿವೆಯಲ್ಲಿ ಏನೂ ಆಗಿಲ್ಲವೆಂಬಂತೆ ಬಿಸಿಲಿತ್ತು. ಅಣ್ಣನ ಮನೆಯ ಗೇಟಿಗೆ ಕಪ್ಪು ಪಟ್ಟಿ ಕಟ್ಟಿತ್ತು. ಸೂರಿನ ಕೆಳಗೆ ಅದೇ ಕಾಗದ, ಒಣಗಿಕೊಂಡು, ಚೊಕ್ಕವಾಗಿ. ಚಿತ್ರದಲ್ಲಿ ಅತ್ತಿಗೆ ತಲೆವಸ್ತ್ರ ಕಟ್ಟಿಕೊಂಡು ನಗುತ್ತಿದ್ದರು. ‘ನೀವಿಲ್ಲದೆ ನಲವತ್ತು ದಿನ.’ ಸತ್ತ ನಲವತ್ತನೆಯ ದಿನಕ್ಕೆ ಮತ್ತೊಮ್ಮೆ ಹಚ್ಚುವ ಕಾಗದ ಅದು. ಅಡಿಯಲ್ಲಿ, ದುಃಖಿಸುತ್ತಿರುವ ಪತಿ ಎಂಚೊ ಮಿಂಡೋವ್.

ಅಣ್ಣ ಬದುಕಿದ್ದಾನೆ. ಮೊದಲು ನನಗಾದದ್ದು ಸಂತೋಷ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ನೆನಪಾಯಿತು. ಜಗಳವಾದ ಮೇಲೂ ಏಳು ಚಳಿಗಾಲ, ಒಂದು ಮಾತೂ ಆಡದೆ, ದಿನಾ ನನ್ನ ಕಿಟಕಿಯಲ್ಲಿ ಒಂದು ಲೋಟ ಟೀ ಇಟ್ಟು ಹೋದವರು ಅತ್ತಿಗೆ. ಆ ಸಂತೋಷಕ್ಕೆ ನಾಚಿಕೆಯಾಯಿತು.

ಬಾಗಿಲು ತೆರೆಯಿತು. ಅಣ್ಣ ಮುದುಕನಾಗಿದ್ದ. ನನ್ನ ಸ್ಕೀ ನೋಡಿದ, ಸುಲಿದ ಗಲ್ಲ ನೋಡಿದ.

“ಬೆನ್ನಿನ ಕಡೆಯಿಂದ ಇಳಿದ್ಯಾ? ಈ ಹವೆಯಲ್ಲಿ?”

“ಮೇಲೆ ಕಾಗದ ನೋಡ್ದೆ. ನಿನ್ನ ಹೆಸರೊಂದೇ ಕಾಣ್ತಿತ್ತು. ನೀನೇ ಅಂದ್ಕೊಂಡೆ.”

ಅವನು ಸೂರಿನ ಕೆಳಗಿನ ಅತ್ತಿಗೆಯ ಚಿತ್ರದ ಕಡೆ ತಿರುಗಿದ.

“ಮಲಗಿದ್ದಷ್ಟು ದಿನ ಕೇಳ್ತಾನೇ ಇದ್ಲು, ಸ್ಪಾಸ್ ಬಂದ್ನಾ ಅಂತ. ಮೂರು ಸಲ ಹೇಳಿ ಕಳಿಸ್ದೆ.”

“ನಂಗ್ಯಾರೂ ಹೇಳ್ಲಿಲ್ಲ ಅಣ್ಣ.”

“ಯಾರಿಗೆ ಬೇಕಪ್ಪ ಹಲ್ಲು ಉದುರಿಸ್ಕೊಳೋದು.”

ಒಳಗೆ ಹೋಗಿ ಒಂದು ಕಾಗದದ ಲೋಟ ತಂದ. ಸಕ್ಕರೆ ಬೆರೆಸಿದ ಬೇಯಿಸಿದ ಗೋಧಿ. ಸತ್ತವರ ಹೆಸರಿನಲ್ಲಿ ಬೀದಿಯಲ್ಲಿ ಹೋಗುವವರಿಗೂ ಹಂಚುತ್ತೇವೆ. ಗೇಟಿನ ಮೇಲಿಂದಲೇ ಕೊಟ್ಟ. “ದೇವರು ಅವರನ್ನ ಕ್ಷಮಿಸ್ಲಿ” ಎಂದೆ. ಗೋಧಿ ತೆಗೆದುಕೊಂಡವರೆಲ್ಲ ಹೇಳಬೇಕಾದ ಮಾತು ಅದು. ಕ್ಷಮಿಸಲು ಅವರು ಮಾಡಿದ ತಪ್ಪಾದರೂ ಏನು ಎಂದು ಆಗ ಅನ್ನಿಸಿತು. ನಿಂತೇ ತಿಂದೆ, ಒಂದು ಕಾಳೂ ಬಿಡದೆ.

ಕಾಡಿನಲ್ಲಿ ಸಲೀಸಾಗಿ ಬಂದ ಮಾತು ಈಗ ಬಾಯಿಗೆ ಬರಲಿಲ್ಲ. ಅಣ್ಣ ಸ್ವಲ್ಪ ಹೊತ್ತು ಕಾದ. ಕಾಯುತ್ತಿದ್ದಾನೆಂದು ನನಗೂ ಗೊತ್ತಿತ್ತು.

“ನಾನು ಸತ್ರೆ ಬರ್ತೀಯ ಅಂತ ಗೊತ್ತಾಯ್ತಲ್ಲ,” ಎಂದ. “ಅಷ್ಟಾದ್ರೂ ಆಯ್ತು.”

ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಖಾಲಿ ಲೋಟ ಹಿಡಿದು, ಕಾಲು ಮರಗಟ್ಟುವವರೆಗೂ ಗೇಟಿನಲ್ಲೇ ನಿಂತಿದ್ದೆ. ಚಿಲಕ ಹಾಕಿದ ಸದ್ದು ಬರಲಿಲ್ಲ. ತಳ್ಳುವ ಧೈರ್ಯ ನನಗೂ ಬರಲಿಲ್ಲ.